ತೂಕಡಿಕೆ ತಾತ

ನಾನು ಸುಳ್ಳು ಹೇಳುವಾಗ ಬೇರೆಯವರ ದನಿಯಲ್ಲಿ ಹೇಳುತ್ತೇನೆ. ಹೆಡ್‌ಮಾಸ್ಟರ ದನಿಯಲ್ಲಿ ಇಡೀ ಶಾಲೆಗೆ ರಜೆ ಕೊಟ್ಟಿದ್ದೇನೆ, ಪಕ್ಕದ ಮನೆಯ ಆಂಟಿಯಾಗಿ ಫೋನಿನಲ್ಲಿ ಪಕ್ಕದ ಮನೆಯ ಅಂಕಲ್ಲನ್ನೇ ಬೈದಿದ್ದೇನೆ. ಇದನ್ನು ಮಾತ್ರ ಸ್ವಂತ ದನಿಯಲ್ಲಿ ಹೇಳುತ್ತಿದ್ದೇನೆ. ಆದ್ದರಿಂದ ನಿಜವೆಂದು ತಿಳಿಯಬೇಕು.

ನಮ್ಮಕ್ಕ ಚಿತ್ರ ಬರೆಯುತ್ತಾಳೆ. ಹೂದಾನಿ, ಸೂರ್ಯಾಸ್ತ ಅಲ್ಲ. ಸಿನಿಮಾದ ಗಗನನೌಕೆ, ಕಾಮಿಕ್ಸಿನ ಮುಖವಾಡದ ಶೂರರು, ಊರು ನುಂಗುವ ದೈತ್ಯ ಹಲ್ಲಿ, ವಿಡಿಯೋ ಗೇಮಿನ ಕತ್ತಿ ಹಿಡಿದ ಹುಡುಗಿಯರು. ಇಂಥ ಚಿತ್ರಗಳಿಗೇ ಮೀಸಲಾದ ಒಂದು ಗ್ಯಾಲರಿ ಇದೆ. ಒಂದು ವಿಷಯ ಕೊಟ್ಟು ಐವತ್ತು ಜನರಿಂದ ಐವತ್ತು ಚಿತ್ರ ಬರೆಸಿ ಒಟ್ಟಿಗೆ ತೂಗುಹಾಕುತ್ತಾರೆ. ಅಕ್ಕನ ಮೊದಲ ಚಿತ್ರ ನೋಟ್‌ಬುಕ್ಕಿನಷ್ಟು ದೊಡ್ಡದಿತ್ತು. ಅದಕ್ಕೆ ಸಿಕ್ಕ ಜಾಗ ಶೌಚಾಲಯದ ಬಾಗಿಲ ಪಕ್ಕ. ಎಲ್ಲರೂ ಒಂದು ಸಲವಾದರೂ ಬರಲೇಬೇಕಾದ ಜಾಗ ಎಂದು ನಾನು ಸಮಾಧಾನ ಹೇಳಿದ್ದೆ.

ಆ ಚಿತ್ರದಲ್ಲಿ ಒಂದು ಗಗನನೌಕೆ. ಅದರ ಬಲಮೂಲೆ ಖಾಲಿ ಕಾಣುತ್ತಿದೆ ಎಂದು ಅವಳಿಗೆ ಕಿರಿಕಿರಿ. ಪಕ್ಕದ ಕೋಣೆಯಲ್ಲಿ ಅಪ್ಪ ನಿದ್ದೆಯಲ್ಲಿದ್ದರು. ಅಪ್ಪ ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು. ಮೂವತ್ತು ವರ್ಷ ಅಂಗಡಿ ಅಂಗಡಿ ತಿರುಗಿ ತಕ್ಕಡಿ ಪರೀಕ್ಷಿಸಿ, ನಿವೃತ್ತಿಯಾದ ಮೇಲೆ ತೂಕ ಬಿಟ್ಟು ತೂಕಡಿಕೆ ಹಿಡಿದಿದ್ದರು. ಕುರ್ಚಿಯಲ್ಲಿ ಅರ್ಧ ಜಾರಿದ ಮೈ, ಹೊಟ್ಟೆಯ ಮೇಲೆ ಪೇಪರು, ಹಣೆಯ ಮೇಲೆ ಕನ್ನಡಕ, ಚಿಲಕ ಹಾಕಲು ಮರೆತ ಬಾಗಿಲಿನ ಹಾಗೆ ಬಾಯಿ. ಇವರನ್ನೇ ನೌಕೆಯ ಮೂಲೆಯಲ್ಲಿ ಕೂರಿಸಿದರೆ ಹೇಗೆ ಎಂದು ಅಕ್ಕನಿಗೆ ಹೊಳೆಯಿತು. ಆದರೆ ಕೇಳಿ ಕೂರಿಸಿದರೆ ಅಪ್ಪ ತಲೆ ಬಾಚಿ, ಪಾಸ್‌ಪೋರ್ಟ್ ಫೋಟೋಗೆ ಕೂತಂತೆ ಕೂರುತ್ತಾರೆ. ಕದ್ದು ಬರೆಯೋಣವೆಂದರೆ ಪೆನ್ಸಿಲ್ಲಿನ ಸದ್ದಿಗೇ ಕಣ್ಣು ಬಿಡುತ್ತಾರೆ, ಇಲಾಖೆಯ ಅಭ್ಯಾಸ. ಆಗ ಅವಳು ನನ್ನನ್ನು ಕರೆದು, "ಸ್ವಲ್ಪ ಹೊತ್ತು ಅಪ್ಪ ಆಗೋ," ಅಂದಳು. ಆದೆ.

ನನಗೆ ಅಪ್ಪನ ಎಲ್ಲವೂ ಬರುತ್ತದೆ: ಕೆಮ್ಮು, ಗೊರಕೆ, ವಾದಿಸುವ ಅಂಗಡಿಯವನನ್ನು ಒಂದೇ ಅಂಗೈ ಎತ್ತಿ ನಿಲ್ಲಿಸುವ ಗತ್ತು. ನಗುವೊಂದು ಬರುತ್ತಿರಲಿಲ್ಲ. ನೋಡಿ ಕಲಿಯೋಣವೆಂದರೆ ಅವರು ನಕ್ಕದ್ದೇ ಕಡಿಮೆ.

ಚಿತ್ರ ಮೊದಲ ದಿನವೇ ಮಾರಾಟವಾಯಿತು. ಮುಂದಿನ ಪ್ರದರ್ಶನದಲ್ಲಿ ಜನ ಅಕ್ಕನ ಚಿತ್ರದ ಮುಂದೆ ಬಗ್ಗಿ, ಆ ನಿದ್ದೆಯ ಮುದುಕ ಎಲ್ಲಿ ಎಂದು ಹುಡುಕಿದರಂತೆ. ಅಲ್ಲಿಂದ ಅಪ್ಪನ ನೌಕರಿ ಕಾಯಂ ಆಯಿತು. ದೈತ್ಯ ಹಲ್ಲಿ ಊರು ತುಳಿಯುವಾಗ ಬಾಲ್ಕನಿಯಲ್ಲಿ ಆಕಳಿಕೆ. ಶೂರ ಆಕಾಶಕ್ಕೆ ನೆಗೆಯುವಾಗ ಕೆಳಗೆ ಬಸ್‌ಸ್ಟಾಪಿನಲ್ಲಿ ಗೊರಕೆ. ಅಭಿಮಾನಿಗಳು 'ತೂಕಡಿಕೆ ತಾತ' ಎಂದು ಹೆಸರಿಟ್ಟರು. ಸ್ಟಿಕ್ಕರ್ ಬಂತು, ಟೀ ಶರ್ಟ್ ಬಂತು. ಶೌಚಾಲಯದ ಬಾಗಿಲಿನಿಂದ ನಡುಗೋಡೆಗೆ ಬರಲು ಅಕ್ಕನಿಗೆ ಒಂಬತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಅಪ್ಪ ಅರವತ್ತೊಂದು ಚಿತ್ರಗಳಲ್ಲಿ ನಿದ್ದೆ ಹೊಡೆದಿದ್ದರು. ಅವರಿಗೆ ಮಾತ್ರ ಗೊತ್ತಿಲ್ಲ. ಅವರು ವಾಕಿಂಗ್ ಹೋದಾಗಲೇ ಅಕ್ಕ ನನ್ನನ್ನು ಅವರ ಕುರ್ಚಿಯಲ್ಲಿ ಕೂರಿಸಿ ಆ ಮೂಲೆ ಬರೆದು, ಅವರು ಚಪ್ಪಲಿ ಬಿಡುವಷ್ಟರಲ್ಲಿ ಬಟ್ಟೆ ಮುಚ್ಚುತ್ತಿದ್ದಳು.

ಹೀಗಾಗಿ ಅವರನ್ನು ಗ್ಯಾಲರಿಗೆ ಕರೆಯುವಂತಿರಲಿಲ್ಲ. ಪ್ರತಿ ಸಲವೂ ಒಂದು ನೆಪ. ಒಮ್ಮೆ ಕೂರಲು ಕುರ್ಚಿಯಿಲ್ಲ, ಒಮ್ಮೆ ಎ.ಸಿ. ತುಂಬ ತಂಪು, ಒಮ್ಮೆ ಲಿಫ್ಟ್ ಕೆಟ್ಟಿದೆ. ಗ್ಯಾಲರಿ ಇದ್ದದ್ದು ನೆಲಮಹಡಿಯಲ್ಲಿ. ಅಪ್ಪ ಸರಿ ಎನ್ನುತ್ತಿದ್ದರು. ಆದರೂ ಪ್ರತಿ ಪ್ರದರ್ಶನದ ಬೆಳಿಗ್ಗೆ ತಿಳಿನೀಲಿ ಶರ್ಟಿಗೆ ಇಸ್ತ್ರಿ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿಡುತ್ತಿದ್ದರು. ಸಂಜೆ ಮಡಿಸಿ ಒಳಗಿಡುತ್ತಿದ್ದರು.

ಅಕ್ಕನೊಬ್ಬಳದೇ ಪ್ರದರ್ಶನ ಎಂದು ಗೊತ್ತಾದ ವಾರ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು, ಗೋಡೆ ನೋಡುತ್ತ ಹೇಳಿದರು:

"ನಾನು ಬಂದ್ರೆ ಅವಳಿಗೆ ಮುಜುಗರ ಆಗುತ್ತೇನೋ ಅಲ್ವಾ. ಇರ್ಲಿ ಬಿಡು. ಅಲ್ಲಿ ಬರೋರ ಹತ್ರ ನಾನೇನು ಮಾತಾಡ್ಲಿ, ಕಿಲೋ ಗ್ರಾಮಾ?"

ಜೋಕೆಂದು ನಗಲು ಹೋದೆ, ಆಗಲಿಲ್ಲ. ಅಕ್ಕನಿಗೆ ತಿಳಿಸಿದೆ, ಅಪ್ಪನ ದನಿಯಲ್ಲಲ್ಲ, ನನ್ನದರಲ್ಲೇ. ಅವಳು ಹಲ್ಲಲ್ಲಿ ಕಚ್ಚಿದ್ದ ಕುಂಚ ತೆಗೆದು ಕೆಳಗಿಟ್ಟಳು. ಮೊದಲೇ ಎಲ್ಲ ಹೇಳಿಬಿಡೋಣವೆಂದು ಇಬ್ಬರೂ ಮೂರು ದಿನ ಅಪ್ಪನ ಕೋಣೆಗೆ ಹೋಗಿ, ಮೂರು ದಿನವೂ ಹವಾಮಾನದ ಬಗ್ಗೆ ಮಾತಾಡಿ ವಾಪಸ್ ಬಂದೆವು. ಕೊನೆಗೆ ಅವಳ ಬಾಯಿಂದ ಹೊರಟದ್ದು, ಶನಿವಾರ ನೀವೂ ಬನ್ನಿ ಎಂಬುದಷ್ಟೇ. ಅಪ್ಪ ಶರ್ಟಿಗೆ ಎರಡು ಸಲ ಇಸ್ತ್ರಿ ಹಾಕಿದರು. ಅವರು ನೊಂದುಕೊಂಡರೆ ಏನು ಗತಿ ಎಂದು ಅಕ್ಕ ಕೇಳಿದಳು. ನನ್ನನ್ನು ಮುಂದೆ ತಳ್ಳು ಎಂದೆ. ಇಂಥ ಮಾತುಗಳನ್ನು ಅವಳು ಮರೆಯುವುದಿಲ್ಲ.

ಕೊಂಡವರ ಮನೆಗಳಿಂದ ಹಳೆಯ ಚಿತ್ರಗಳನ್ನೂ ತರಿಸಿ, ವರ್ಷವಾರು ಸಾಲಾಗಿ ತೂಗುಹಾಕಿದ್ದರು. ಗ್ಯಾಲರಿಯ ಮೇಡಂ ಬಾಗಿಲಲ್ಲೇ ಎಲ್ಲರಿಗೂ ಒಂದೊಂದು ಭೂತಗನ್ನಡಿ ಕೊಡುತ್ತಿದ್ದರು, ಅಪ್ಪನಿಗೂ ಕೊಟ್ಟರು. ಕೈಗೆ ಉಪಕರಣ ಬಂದದ್ದೇ ತಡ, ಅಪ್ಪ ಕನ್ನಡಕ ಹಣೆಗೇರಿಸಿ ಮತ್ತೆ ಇನ್ಸ್‌ಪೆಕ್ಟರಾದರು. ಮೊದಲ ಚಿತ್ರಕ್ಕೆ ಬಗ್ಗಿದರು.

"ಇಲ್ಲೊಬ್ಬ ಡ್ಯೂಟಿ ಟೈಮಲ್ಲಿ ನಿದ್ದೆ ಹೊಡೀತಿದಾನೆ," ಎಂದರು, ಅಸಮಾಧಾನದಿಂದ.

ಎರಡನೆಯದರಲ್ಲೂ ಅವನೇ. ಮೂರನೆಯದರಲ್ಲೂ ಅವನೇ. ನಾಲ್ಕನೆಯದರಲ್ಲಿ ಆ ತಾತ ದೈತ್ಯ ರೋಬೋಟಿನ ಕಾಲಬುಡದಲ್ಲಿ ನೆಲವೆಲ್ಲ ತಡಕುತ್ತ ಕನ್ನಡಕ ಹುಡುಕುತ್ತಿದ್ದ. ಕನ್ನಡಕ ಅವನ ಹಣೆಯ ಮೇಲಿತ್ತು. ಅಪ್ಪನ ಕೈ ತಾನಾಗಿ ತಮ್ಮ ಹಣೆಗೆ ಹೋಯಿತು.

ಪಕ್ಕದಲ್ಲಿದ್ದ ಹೆಂಗಸು ಚಿತ್ರ ನೋಡಿದಳು, ಅಪ್ಪನನ್ನು ನೋಡಿದಳು, ಮತ್ತೆ ಚಿತ್ರ ನೋಡಿದಳು. ಅವಳ ಟೀ ಶರ್ಟಿನ ಮೇಲೂ ಅಪ್ಪನೇ ಮಲಗಿದ್ದರು. ಪಿಸುಮಾತು ಗೋಡೆಯಿಂದ ಗೋಡೆಗೆ ಹರಿಯಿತು. ಭೂತಗನ್ನಡಿಗಳೆಲ್ಲ ಚಿತ್ರ ಬಿಟ್ಟು ಅಪ್ಪನತ್ತ ತಿರುಗಿದವು.

"ಅಪ್ಪ..." ಎಂದಳು ಅಕ್ಕ, ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳುತ್ತ.

ಅಪ್ಪ ಅಂಗೈ ಎತ್ತಿದರು. ಅವರು ಮತ್ತೆ ಮೊದಲ ಚಿತ್ರಕ್ಕೆ ಹೋಗಿ, ಒಂದನ್ನೂ ಬಿಡದೆ ಕೊನೆಯವರೆಗೆ ನೋಡಿದರು. ಅಲ್ಲಲ್ಲಿ ಎರಡು ಬೆರಳ ನಡುವೆ ಏನೋ ಅಳೆದರು. ಜನ ಅವರ ಹಿಂದೆ ಹಿಂದೆಯೇ ನಡೆದರು. ಎಲ್ಲ ಮುಗಿಸಿ ನಮ್ಮ ಮುಂದೆ ಬಂದು ನಿಂತರು.

"ಇದಕ್ಕಾ ನನ್ನ ಕರೀದೇ ಇದ್ದದ್ದು?"

ಅಕ್ಕ ತಲೆಯಾಡಿಸಿದಳು. "ಬೈತೀರೇನೋ ಅಂತ."

ಅಪ್ಪನ ಹೆಗಲು ಸ್ವಲ್ಪ ಇಳಿಯಿತು. "ನಾನು ಏನೇನೋ ಅಂದ್ಕೊಂಡಿದ್ದೆ ಕಣಮ್ಮ," ಎಂದರು, ಅವಳಿಗಷ್ಟೇ ಕೇಳುವಂತೆ. ನಡುವೆ ಸಿಕ್ಕಿಬಿದ್ದಿದ್ದರಿಂದ ನನಗೂ ಕೇಳಿತು. ಆಮೇಲೆ ಗಂಟಲು ಸರಿಮಾಡಿಕೊಂಡು, ಇಲಾಖೆಯ ವರದಿ ಓದುವ ದನಿಯಲ್ಲಿ ಎಲ್ಲರಿಗೂ ಹೇಳಿದರು: "ತಲೆ ನಂದು. ಕನ್ನಡಕ ನಂದು. ಬಾಯಿ ತೆಗೆದಿರೋದೂ ನಂದೇ, ಒಪ್ಕೋತೀನಿ. ಹೊಟ್ಟೆ ನಂದಲ್ಲ."

ಬೆರಳುಗಳನ್ನು ಕಿರಿದಾಗಿ ಹಿಡಿದು ತೋರಿಸಿದರು. "ಮೊದಲನೇದ್ರಲ್ಲಿ ಇಷ್ಟಿದೆ." ಅಗಲಿಸಿದರು. "ಕೊನೇದ್ರಲ್ಲಿ ಇಷ್ಟು. ನನ್ನ ಬೆಲ್ಟು ಮೂವತ್ತು ವರ್ಷದಿಂದ ಅದೇ ತೂತಲ್ಲಿದೆ. ಈ ಮಾಲು ಎಲ್ಲಿಂದ ಬಂತು?"

ಅಕ್ಕ ಮೆಲ್ಲಗೆ ನನ್ನ ಕಡೆ ತಿರುಗಿದಳು. ಭೂತಗನ್ನಡಿಗಳೂ ತಿರುಗಿ ನನ್ನ ಶರ್ಟಿನ ಮೂರನೇ ಗುಂಡಿಯ ಹತ್ತಿರ ನಿಂತವು. ಉಸಿರೆಳೆದು ಹೊಟ್ಟೆ ಒಳಗೆಳೆದುಕೊಂಡೆ. ಏನು ಪ್ರಯೋಜನ? ನನ್ನ ಒಂಬತ್ತು ವರ್ಷದ ಬೆಳವಣಿಗೆಗೆ ಚೌಕಟ್ಟು ಹಾಕಿಸಿ, ಮೇಲೆ ದೀಪ ಹಾಕಿ ಇಟ್ಟಿದ್ದರು.

"ಶುದ್ಧ ಕಲಬೆರಕೆ," ಎಂದು ತೀರ್ಪು ಕೊಟ್ಟು ಅಪ್ಪ ಅಕ್ಕನತ್ತ ನೋಡಿದರು. "ಕುರ್ಚಿ ಇದೆಯಾ, ಇವತ್ತೂ ಇಲ್ವಾ?"

ಅಕ್ಕ ಓಡಿಹೋಗಿ ತಂದಳು. ಅಪ್ಪ ಕೂತು, ಅರ್ಧ ಜಾರಿ, ಪ್ರದರ್ಶನದ ಕ್ಯಾಟಲಾಗನ್ನು ಹೊಟ್ಟೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಮುಂದಿನ ಚಿತ್ರಕ್ಕಾದರೂ ಅಸಲಿ ಮಾಲು ನೋಡಿ ಬರಿ ಎಂದು ಅಪ್ಪಣೆಯಾಯಿತು. ಅಕ್ಕ ಪೆನ್ಸಿಲ್ ತೆಗೆದಳು. ಅದರ ಸದ್ದಿಗೆ ಅಪ್ಪ ಕಣ್ಣು ಬಿಡಲಿಲ್ಲ. ಬಾಯಿ ತೆರೆದು ಗೊರಕೆಯನ್ನೂ ಶುರು ಮಾಡಿದರು. ಅಷ್ಟರಲ್ಲಿ ಹೊಟ್ಟೆಯ ಮೇಲಿನ ಕ್ಯಾಟಲಾಗ್ ಕುಣಿಯತೊಡಗಿತು. ಒಂದು ಕಣ್ಣು ತೆರೆಯಿತು. ಇನ್ನೂ ಉಸಿರು ಬಿಗಿಹಿಡಿದು ನಿಂತಿದ್ದ ನನ್ನನ್ನು ನೋಡಿತು. ಕ್ಯಾಟಲಾಗ್ ನೆಲಕ್ಕೆ ಬಿತ್ತು. ಮೇಡಂ ನಕ್ಕರು, ಟೀ ಶರ್ಟಿನ ಹೆಂಗಸು ನಕ್ಕಳು, ಅಕ್ಕ ನಗುತ್ತ ಪೆನ್ಸಿಲ್ ಮುರಿದುಕೊಂಡಳು. ಯಾರ ನಗುವೂ ಕೇಳಿಸಲಿಲ್ಲ; ಅಪ್ಪ ಅಷ್ಟು ಜೋರಾಗಿ, ಕುರ್ಚಿ ಕಿರುಗುಟ್ಟುವ ಹಾಗೆ, ಹಣೆಯ ಮೇಲಿನ ಕನ್ನಡಕ ಮೂಗಿಗೆ ಜಾರುವ ಹಾಗೆ ನಗುತ್ತಿದ್ದರು.