ನಳಕ್ಕೆ ಕಟ್ಟಿದ ಸೆನ್ಸರ್

ಇಶ್ತಿಯಾಕ್ ಮಸ್ಕಿಯಲ್ಲಿ ಚಪ್ಪಲಿ ಮಾರುತ್ತಿದ್ದ. ಆದರೆ ಅವನ ಜೀವವೆಲ್ಲ ಇದ್ದದ್ದು ಬೆಸುಗೆ ಕಡ್ಡಿಯ ತುದಿಯಲ್ಲಿ. ಅಂಗಡಿಯ ಖಾಲಿ ಡಬ್ಬಿಗಳಲ್ಲಿ ತಂತಿ, ಬ್ಯಾಟರಿ, ಸಣ್ಣ ದೀಪಗಳನ್ನು ತುಂಬಿಟ್ಟುಕೊಂಡಿದ್ದ. ಗಿರಾಕಿ ಎಂಟನೇ ನಂಬರಿನ ಚಪ್ಪಲಿ ಕೇಳಿದರೆ ಒಮ್ಮೊಮ್ಮೆ ಡಬ್ಬಿಯಿಂದ ಸ್ಪೀಕರ್ ಹೊರಗೆ ಬರುತ್ತಿತ್ತು.

ಈ ಸಲ ಅವನು ಲಿಂಗಸುಗೂರಿನ ಕೊರಿಯರ್ ಆಫೀಸಿನಿಂದ ತಂದದ್ದು ಹೆಬ್ಬೆರಳ ಉಗುರಿನಷ್ಟು ಗಾತ್ರದ ನೀಲಿ ಬೋರ್ಡು. ಅಲುಗಾಟ ಗುರುತಿಸುವ ಸೆನ್ಸರ್. ಅತ್ತ ವಾಲಿದರೂ ಇತ್ತ ನಡುಗಿದರೂ ಅದಕ್ಕೆ ತಿಳಿಯುತ್ತದೆ. ಅದನ್ನು ಎಲ್ಲಿ ಕಟ್ಟಬೇಕೆಂದು ಅವನು ಹೆಚ್ಚು ಯೋಚಿಸಲಿಲ್ಲ. ಓಣಿಗೆ ನೀರು ಯಾವಾಗ ಬಿಡುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ. ಅವನ ತಾಯಿ ಮಾಬುಬೀ ಬೆಳಗೆಲ್ಲ ನಳದ ಮುಂದೆ ಕಾದು ಕೂರುತ್ತಿದ್ದಳು. ನೀರು ಬರುವ ಮೊದಲು ಪೈಪಿನೊಳಗೆ ಗಾಳಿ ನುಗ್ಗಿ ಕಬ್ಬಿಣವೆಲ್ಲ ಗಡಗಡ ಅಲುಗುತ್ತಿತ್ತು. ಇಶ್ತಿಯಾಕ್ ಬೋರ್ಡನ್ನು ಪೈಪಿಗೆ ಟೇಪು ಸುತ್ತಿ ಬಿಗಿದ, ಸೂರಿಗೆ ಒಂದು ಬಝರ್ ಪೆಟ್ಟಿಗೆ ತೂಗುಹಾಕಿದ.

"ಅಮ್ಮೀ, ಇನ್ನ ನೀ ಇಲ್ಲಿ ಕುಂದ್ರೂದು ಬ್ಯಾಡ. ನೀರು ಬಂದ್ವಂದ್ರ ಇದಾ ಕರೀತೈತಿ."

"ಯಾಕ, ನನಗ ಕಣ್ಣಿಲ್ಲೇನು?" ಎಂದಳು ಮಾಬುಬೀ. ಆದರೂ ಹೋಗಿ ಹೊರಸಿನ ಮೇಲೆ ಕಾಲು ಚಾಚಿದಳು.

ಮರುದಿನ ಬಝರ್ ಅರಚಿಕೊಂಡಿತು. ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಓಡಿ ಬಂದರು. ನಳ ತಿರುವಿದರೆ ಒಂದು ಹನಿಯೂ ಇಲ್ಲ. ಗೋಡೆಯಾಚೆ ಯಮನೂರಮ್ಮ ಒಳಕಲ್ಲಿನಲ್ಲಿ ಖಾರ ಕುಟ್ಟುತ್ತಿದ್ದಳು.

"ನಾ ಖಾರ ಕುಟ್ಟಿದ್ರ ನಿನ್ನ ನಳಕ್ಕ್ಯಾಕ ಉರಿ ಹತ್ತೈತೋ?" ಎಂದು ಅವಳು ಒನಕೆ ಹಿಡಿದೇ ಹೊರಗೆ ಬಂದಳು.

ಅದರ ಮರುದಿನ ಒಂದು ಎಮ್ಮೆ ಪೈಪಿಗೆ ಬೆನ್ನು ತಿಕ್ಕಿತು. ಓಣಿ ಮತ್ತೆ ಓಡಿ ಬಂತು. ಮೂಲೆಯ ಮಹಡಿ ಮನೆಯ ಬಸವಂತರಾಯ ಮಾತ್ರ ಗೇಟಿಗೆ ಒರಗಿ ನಿಂತೇ ಬೈದ: "ಮಂದೀನ ಹಿಂಗ ಓಡಸಾಕತ್ತೀಯಲ್ಲೋ, ತಗದು ಒಗಿ ಅದನ್ನ!"

ಇಶ್ತಿಯಾಕ್ ನಾಚಿಕೊಂಡು ಸೆನ್ಸರಿನ ಚುರುಕು ತಗ್ಗಿಸಿದ. ಅದು ಎಷ್ಟು ತಗ್ಗಿತೆಂದರೆ, ಮುಂದಿನ ಸಲ ನಿಜವಾಗಿಯೂ ನೀರು ಬಂದು ಹೋಯಿತು, ಬಝರ್ ತುಟಿಪಿಟಕ್ಕೆನ್ನಲಿಲ್ಲ. ಅದನ್ನು ನಂಬಿ ಮಾಬುಬೀ ಗೊರಕೆ ಹೊಡೆಯುತ್ತಿದ್ದಳು. ಅಂದು ಇಶ್ತಿಯಾಕ್ ಊಟಕ್ಕೆ ಮನೆಗೆ ಹೋಗಲು ಹೆದರಿದ.

ಕೊನೆಗೆ ದಾರಿ ತೋರಿಸಿದವಳು ಹೆಂಡತಿ ಶಾಜಿಯಾ. "ಯಾವುದು ನೀರು, ಯಾವುದು ಖಾರ ಅಂತ ಅದಕ್ಕ ಹೆಂಗ ತಿಳೀಬೇಕ್ರೀ? ಕೂಸಿಗೆ ಕಲಿಸಿದಂಗ ಕಲಸ್ರಿ."

ಶುಕ್ರವಾರ ನಮಾಜು ಮುಗಿಸಿ ಬಂದವನೇ ಹಳೇ ಲ್ಯಾಪ್‌ಟಾಪನ್ನು ನಳದ ಪಕ್ಕ ಇಟ್ಟ. ಪೈಪು ಅಲುಗಿದಂತೆಲ್ಲ ಪರದೆಯ ಮೇಲೆ ಗೆರೆ ಕುಣಿಯುತ್ತಿತ್ತು. ಕುಟ್ಟಲು ಕರೆದರೆ ಯಮನೂರಮ್ಮ ಸೀರೆ ಬದಲಿಸಿಕೊಂಡೇ ಬಂದಳು. ಅವಳು ಒನಕೆ ಎತ್ತಿ ಹಾಕಿದಾಗ ಗೆರೆ ಗುಡ್ಡದಂತೆ ಎದ್ದಿತು. "ನನ್ನ ಗೆರಿ ಎಲ್ಲಾರಕಿಂತ ಎತ್ತರ ಐತಿಲ್ಲೋ?" ಎಂದು ಕೇಳಿ ಖಾತ್ರಿ ಮಾಡಿಕೊಂಡಳು. ಎಮ್ಮೆಯನ್ನೂ ಹಿಡಿದು ತಂದರು. ಬೇಡವೆಂದಾಗ ತಿಕ್ಕುತ್ತಿದ್ದ ಎಮ್ಮೆ, ಈಗ ಬೇಕೆಂದಾಗ ಗಂಭೀರವಾಗಿ ನಿಂತುಬಿಟ್ಟಿತು. ಆಮೇಲೆ ನಿಧಾನಕ್ಕೆ ನಾಲಿಗೆ ಚಾಚಿ ಲ್ಯಾಪ್‌ಟಾಪ್ ನೆಕ್ಕಿತು.

ಉಳಿದದ್ದು ನೀರಿನ ಗೆರೆ. ಅದಕ್ಕಾಗಿ ಇಶ್ತಿಯಾಕ್ ಅಂಗಡಿ ಮುಚ್ಚಿ ಕಾದ. ನೀರು ಬಂದಾಗ ಗೆರೆ ಹುಚ್ಚು ಹಿಡಿದಂತೆ ಕುಣಿಯಿತು, ಆಮೇಲೆ ತಣ್ಣಗಾಯಿತು. ಅಷ್ಟರಲ್ಲಿ ಇನ್ನೊಂದು ನಡುಕ ಶುರುವಾಯಿತು. ಸಣ್ಣದು, ಒಂದೇ ಸಮ, ಬಾಚಣಿಗೆಯ ಹಲ್ಲಿನಂತೆ. ಕೂಡಲೇ ನಳದ ನೀರು ನೂಲಿನಂತೆ ಸಣ್ಣಗಾಗಿ ನಿಂತೇಹೋಯಿತು. ಮುಂದಿನ ಸಲವೂ ಹಾಗೇ. ಖಾರ ಕುಟ್ಟುವವರಿಲ್ಲ, ಎಮ್ಮೆಯಿಲ್ಲ. ಆ ನಡುಕ ಎದ್ದಾಗ ಇಶ್ತಿಯಾಕ್ ಬೋರ್ಡನ್ನು ಬಿಚ್ಚಿ, ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಮನೆಯಿಂದ ಮನೆಗೆ, ಒಂದೊಂದೇ ಪೈಪಿಗೆ ಒತ್ತಿ ನೋಡುತ್ತ ಹೋದ. ಮೂಲೆ ಹತ್ತಿರವಾದಂತೆ ಹಲ್ಲು ದೊಡ್ಡದಾಗುತ್ತಿತ್ತು. ಬಸವಂತರಾಯನ ಕಂಪೌಂಡಿನ ಬಳಿ ಪರದೆಯೇ ತುಂಬಿತು. ಇಣುಕಿದರೆ, ಗೋಣಿಚೀಲ ಹೊದ್ದು ಒಂದು ಮೋಟರು ಗುಂಯ್‌ಗುಡುತ್ತ ಓಣಿಯ ನೀರನ್ನೆಲ್ಲ ಎಳೆಯುತ್ತಿತ್ತು.

ಇಶ್ತಿಯಾಕ್ ಗೇಟು ತಟ್ಟದೆ ಹಿಂದಿರುಗಿದ. ದೊಡ್ಡವರ ಮನೆ, ಜಗಳ ಅವನಿಗೆ ಆಗದು. ತಾಯಿಯ ಕಿವಿಯಲ್ಲಿ ಮಾತ್ರ ಹೇಳಿದ. ಮಾಬುಬೀ ಯಮನೂರಮ್ಮನ ಕಿವಿಯಲ್ಲಿ ಮಾತ್ರ ಹೇಳಿದಳು. ಚಹಾ ಕುದಿಯುವ ಮೊದಲೇ ಓಣಿಗೆಲ್ಲ ಗೊತ್ತಾಗಿತ್ತು.

"ಜಗಳ ಬ್ಯಾಡ," ಎಂದಳು ಮಾಬುಬೀ. "ಆ ಮೋಟರು ನಡುಗಿದ್ರ ಬ್ಯಾರೆ ದನಿ ಬರೂವಂಗ ಮಾಡು, ಸಾಕು."

ಮುಂದಿನ ಸಲ ನೀರು ಬಿಟ್ಟ ಸ್ವಲ್ಪ ಹೊತ್ತಿಗೆ ಬಝರ್ ಕೀಂಯ್ ಕೀಂಯ್ ಎಂದಿತು. ಹೆಂಗಸರೆಲ್ಲ ಕೊಡ ಹೊತ್ತು ಸಾಲಾಗಿ ಬಸವಂತರಾಯನ ಗೇಟಿಗೆ ಹೋಗಿ ನಿಂತರು.

"ಸಾವ್ಕಾರ್ರ, ನಿಮ್ಮನ್ಯಾಗ ನೀರು ಬಂದಾವಂತ ಪೆಟ್ಟಿಗಿ ಹೇಳಾಕತ್ತೈತ್ರಿ," ಎಂದಳು ಮಾಬುಬೀ, ಬಹಳ ವಿನಯದಿಂದ.

"ಯಾವ ನೀರು? ಆ ಪೆಟ್ಟಿಗಿ ಬರೇ ಸುಳ್ಳು—"

ಅವನ ಮಾತು ಮುಗಿಯುವ ಮೊದಲೇ ಮಹಡಿಯ ಟಾಕಿ ತುಂಬಿ ನೀರು ಧೋ ಎಂದು ಅಂಗಳಕ್ಕೆ ಸುರಿಯಿತು. ಯಮನೂರಮ್ಮ ಸೀದಾ ಒಳಗೆ ಹೋಗಿ ಅದರ ಕೆಳಗೆ ತನ್ನ ಕೊಡ ಇಟ್ಟಳು. ಅವಳ ಹಿಂದೆ ಉಳಿದವರೂ ಇಟ್ಟರು. ಬಸವಂತರಾಯ ಲುಂಗಿ ಎತ್ತಿಕಟ್ಟಿ ದಾರಿ ಬಿಟ್ಟು ನಿಂತ. ಆಮೇಲೆ ನೀರು ಬಂದಾಗಲೆಲ್ಲ ಇದೇ ಮೆರವಣಿಗೆ.

ಒಂದು ಸಂಜೆ ಬಸವಂತರಾಯ ಅಂಗಡಿಗೆ ಬಂದ. ಬೇಕಿಲ್ಲದ ಚಪ್ಪಲಿಗಳನ್ನೆಲ್ಲ ಕಾಲಿಗೆ ಹಾಕಿ ನೋಡಿ, ಗಿರಾಕಿಗಳು ಹೋದ ಮೇಲೆ ದನಿ ತಗ್ಗಿಸಿದ. "ಇಶ್ತಿಯಾಕ್, ಅಂಥದ್ದೊಂದು ನಮಗೂ ಮಾಡಿಕೊಡಾಕ ಬರ್ತೈತೇನು? ಹೆಣ್ಮಕ್ಕಳು ಕೊಡ ಹಿಡ್ಕೊಂಡು ಹೊಂಟ್ರಂದ್ರ ನಮಗ ಮೊದಲಾ ತಿಳೀಬೇಕು ನೋಡು."

ಇಶ್ತಿಯಾಕನಿಗೆ ಸಿಟ್ಟು ಬರಬೇಕಿತ್ತು. ಆದರೆ ಅವನ ತಲೆ ಆಗಲೇ ಓಡತೊಡಗಿತ್ತು. "ಅದಕ್ಕ ಇದು ನಡಿಯೂದಿಲ್ರಿ ಸಾವ್ಕಾರ್ರ. ದೂರದಿಂದ ಮೈ ಬಿಸಿ ಗುರುತು ಹಿಡಿಯೂ ಸೆನ್ಸರ್ ಬ್ಯಾರೆ ಇರ್ತೈತಿ..."

"ಇಲ್ಲಿ ಚಪ್ಪಲಿ ಅಷ್ಟ ಸಿಗ್ತಾವ್ರಿ," ಎಂದಳು ಶಾಜಿಯಾ, ಕೌಂಟರಿನ ಆಚೆಯಿಂದ.

ಬಸವಂತರಾಯ ಒಂದು ಜೊತೆ ಚಪ್ಪಲಿ ಕೊಂಡು ಹೊರಟುಹೋದ. ಮರುವಾರ ಗೆರೆಯಲ್ಲಿ ಬಾಚಣಿಗೆಯ ಹಲ್ಲು ಕಾಣಲಿಲ್ಲ. ಮೋಟರು ಸುಟ್ಟುಹೋಯಿತೆಂದು ಅವನೇ ಹೇಳಿಕೊಂಡು ತಿರುಗಿದ. ಓಣಿಯ ಕೊನೆಯ ಮನೆಗೂ ನೀರು ಮುಟ್ಟಿತು.

ಇಶ್ತಿಯಾಕನ ತಲೆಯಿಂದ ಮಾತ್ರ ಆ ಮೈ ಬಿಸಿಯ ಸೆನ್ಸರ್ ಹೋಗಲಿಲ್ಲ. ಸಿಂಧನೂರಿನ ಒಂದು ಅಂಗಡಿಯಲ್ಲಿ ಸಿಗುತ್ತದೆಂದು ಯಾರೋ ಹೇಳಿದ್ದೇ ತಡ, ಹವಾಯಿ ಚಪ್ಪಲಿ ಸ್ಟಾಕ್ ತರಬೇಕೆಂದು ಶಾಜಿಯಾಗೆ ನೆಪ ಹೇಳಿ ಬಸ್ಸು ಹತ್ತಿದ.