ಕೆಜೆಟಿಯಾದಲ್ಲಿ ತೆವಳಿದ ಟ್ರೋಟ್ರೋ

ಅಂದು ನಮ್ಮ ಕುಮಾಸಿ ನಗರದ ಬಂತಾಮಾ ಬಡಾವಣೆಯ ಸಭಾಂಗಣದಲ್ಲಿ ಹೊಸ ಕಂಪ್ಯೂಟರ್ ಆಟಗಳ ಮೇಳ. ನಾನೂ ಗೆಳೆಯ ಬಾದುವೂ ಸೇರಿ ಕಟ್ಟಿದ ಆಟವನ್ನು ಜನ ಮೊದಲ ಸಲ ಆಡುವವರಿದ್ದರು. ಕುಮಾಸಿಯ ಬೀದಿಗಳಲ್ಲಿ ಟ್ರೋಟ್ರೋ ವ್ಯಾನು ಓಡಿಸುತ್ತ, ಪ್ರಯಾಣಿಕರನ್ನು ಹತ್ತಿಸಿಕೊಳ್ಳುತ್ತ ಹೋಗುವ ಆಟ.

ಅಲ್ಲಿಗೆ ಹೋಗುವಾಗ ನಿಜವಾದ ಟ್ರೋಟ್ರೋದಲ್ಲೇ ಅನಾಹುತವಾಯಿತು. ಮೀನು ಮಾರುವ ಕೊನಾಡು ಅಮ್ಮ ಬಾದುವಿನ ಚೀಲದ ಮೇಲೆ ಧೊಪ್ಪನೆ ಕೂತುಬಿಟ್ಟರು. ಒಳಗಿದ್ದ ಲ್ಯಾಪ್‌ಟಾಪ್ ಲಟಕ್ಕೆಂದಿತು. ಸ್ವಿಚ್ ಎಷ್ಟು ಒತ್ತಿದರೂ ಉಸಿರೆತ್ತಲಿಲ್ಲ. ಬಾದು ಅದನ್ನು ಎದೆಗೆ ಅವಚಿಕೊಂಡ.

“ನನ್ನಿಂದ ಆಗಿದ್ದು ಮಗಾ. ಮೀನು ಆಮೇಲೆ ಮಾರ್ತೀನಿ, ನಡೀರಿ,” ಎಂದು ಅಮ್ಮನೂ ನಮ್ಮ ಜೊತೆ ಇಳಿದರು.

ಸಭಾಂಗಣ ತಲುಪಿದಾಗ ಉಳಿದದ್ದು ನನ್ನ ಹಳೇ ಲ್ಯಾಪ್‌ಟಾಪ್, ಅದರಲ್ಲೂ ಆಟದ ಒಂದು ಪ್ರತಿ ಇತ್ತು. ಆಟವೇನೋ ಶುರುವಾಯಿತು. ಪರದೆಯ ಮೇಲೆ ಕೆಜೆಟಿಯಾ ಮಾರುಕಟ್ಟೆಯ ಜನಜಂಗುಳಿ ಬಂದದ್ದೇ ತಡ, ವ್ಯಾನು ಬಸವನಹುಳುವಿನಂತೆ ತೆವಳತೊಡಗಿತು.

ಬಾದು ಪರದೆಯತ್ತ ಬಗ್ಗಿದ. “ಡುಫೀ, ಎಂಟು ಜಿಬಿ ಮೆಮೊರಿ ಇದೆ ಅಂದಿದ್ದೆ. ಆರೇ ತೋರಿಸ್ತಿದೆ ಕಣೇ! ಇನ್ನೆರಡು ಯಾರು ನುಂಗಿದ್ರು?”

“ಚಿತ್ರ ಮೂಡಿಸೋ ಗ್ರಾಫಿಕ್ಸು. ನಿನ್ನ ಹಾಗೆ ಅದಕ್ಕೂ ಸ್ವಂತ ನೆನಪಿಲ್ಲ. ಪ್ರೊಸೆಸರ್ ಒಳಗೇ ಕೂತು ಲ್ಯಾಪ್‌ಟಾಪಿನ ಮೆಮೊರೀಲೇ ಪಾಲು ತಗೊಳ್ಳುತ್ತೆ. ಎರಡು ಮೊದಲೇ ಎತ್ತಿಟ್ಕೊಂಡಿದೆ. ಪರದೇಲಿ ಜನ ಜಾಸ್ತಿ ಬಂದ್ರೆ ಇನ್ನೂ ಬೇಕು ಅನ್ನುತ್ತೆ.”

“ಒಂದೇ ಬಟ್ಟಲು ಫುಫು ಮುದ್ದೆಗೆ ಇಬ್ರು ಕೈ ಹಾಕ್ದಂಗೆ ಅನ್ನು,” ಎಂದರು ಅಮ್ಮ. “ಮತ್ತೆ ದೊಡ್ಡ ಬಟ್ಟಲು ತರ್ರೋ! ಮುಖ ಏನು ನೋಡ್ತೀರಾ?”

ನನಗೆ ಥಟ್ಟನೆ ಹೊಳೆಯಿತು. ನನ್ನದರಲ್ಲಿ ಮೆಮೊರಿ ಚಿಪ್‌ಗಳ ಪಟ್ಟಿ ಇದ್ದದ್ದು ಒಂದೇ, ಪಕ್ಕದ ಜಾಗ ಖಾಲಿ. ಬಾದುವಿನ ಲ್ಯಾಪ್‌ಟಾಪಿನ ಪಟ್ಟಿಯೂ ಅದೇ ಬಗೆಯದು! ಅದನ್ನು ನನ್ನದಕ್ಕೆ ಹಾಕೋಣ ಎಂದು ಬಾದುವಿಗೆ ಹೇಳಿದೆ. ಅವನು ಮುರಿದ ಲ್ಯಾಪ್‌ಟಾಪನ್ನು ಒಮ್ಮೆ ಸವರಿದ. ಅದು ಅವನ ಮೊದಲ ಲ್ಯಾಪ್‌ಟಾಪ್.

“ಬಿಚ್ಚು,” ಎಂದ.

ಮೈಕಿನವರ ಸ್ಕ್ರೂಡ್ರೈವರ್ ಕಸಿದುಕೊಂಡು ಬಂದೆ. ಬಾದು ಬಿಚ್ಚಿದ ಸ್ಕ್ರೂಗಳನ್ನು ಅಮ್ಮ ಮುಷ್ಟಿಯಲ್ಲಿ ಹಿಡಿದರು. ಹೊರಗೆ ಮೇಳಕ್ಕೆ ಬಂದ ಜನ ಬಾಗಿಲು ಬಡಿಯುತ್ತಿದ್ದರು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿಯ ತಂತಿ ಕಳಚಿ, ಖಾಲಿ ಜಾಗಕ್ಕೆ ಅವನ ಪಟ್ಟಿ ಒತ್ತಿದೆ. ಟಕ್ ಎಂದು ಕೂತಿತು. ಎಲ್ಲ ಮತ್ತೆ ಜೋಡಿಸಿ ಸ್ವಿಚ್ ಒತ್ತಿದರೆ ಪರದೆ ಕಪ್ಪು. ಕಪ್ಪು, ಇನ್ನೂ ಕಪ್ಪು.

“ಇದನ್ನೂ ಕೊಂದ್ಯಾ?” ಬಾದು ಪಿಸುಗುಟ್ಟಿದ.

ಅಷ್ಟರಲ್ಲಿ ಲ್ಯಾಪ್‌ಟಾಪ್ ಹೊಸ ಪಟ್ಟಿಯನ್ನು ಗುರುತಿಸಿ, ಪರದೆಗೆ ಬೆಳಕು ಬಂತು! ಆಟ ತೆರೆದೆವು. ಕೆಜೆಟಿಯಾದ ಜಂಗುಳಿಯಲ್ಲಿ ವ್ಯಾನು ಹಾರಿತು. ಮೆಮೊರಿ ಹೆಚ್ಚಿದ್ದಷ್ಟೇ ಅಲ್ಲ, ಪಟ್ಟಿ ಎರಡಾದದ್ದರಿಂದ ಗ್ರಾಫಿಕ್ಸಿಗೆ ಮೆಮೊರಿಯತ್ತ ಓಡಾಡಲು ಎರಡು ದಾರಿ ಸಿಕ್ಕಿತ್ತು. ನಾನು ಕಿರುಚಿದೆ.

ಬಾಗಿಲು ತೆರೆಯುವ ಮುಂಚೆಯೇ ಅಮ್ಮ ಕುರ್ಚಿ ಹಿಡಿದಾಗಿತ್ತು. ಜನ ಒಳಗೆ ಬರುವಷ್ಟರಲ್ಲಿ ವ್ಯಾನನ್ನು ಗೆಣಸಿನ ರಾಶಿಗೆ ನೇರ ನುಗ್ಗಿಸಿದರು.

“ಅಮ್ಮಾ, ಬ್ರೇಕು, ಬ್ರೇಕು!” ಸಭಾಂಗಣವೆಲ್ಲ ಕೂಗಿತು.

“ಕುಮಾಸೀಲಿ ಯಾವ ಟ್ರೋಟ್ರೋಗೆ ಬ್ರೇಕಿದೆಯೋ!”

ಆಡಲು ಕಾದವರ ಸಾಲು ರಸ್ತೆಯವರೆಗೂ ಬೆಳೆಯಿತು. ಬಾದು ಕುರ್ಚಿಯ ಮೇಲೆ ಹತ್ತಿ ನಿಂತು, ಟ್ರೋಟ್ರೋ ಕಂಡಕ್ಟರನಂತೆ ಗಂಟಲು ಹರಿಯುವ ಹಾಗೆ ಪ್ರಯಾಣಿಕರನ್ನು ಕರೆಯತೊಡಗಿದ: “ಕೆಜೆಟಿಯಾ, ಕೆಜೆಟಿಯಾ! ಹತ್ತಿ, ಹತ್ತಿ!”