ಬಾಯಿಬಿಡದ ಬಾಡಿಗೆದಾರಳು

ಅನುಮಾನ ನನ್ನ ಹುಟ್ಟುಗುಣ ಎಂದು ನನ್ನ ಗಂಡ ತಿರುಮಲೇಶ ಹೇಳುತ್ತಾರೆ. ಹೇಳಲಿ. ಈ ಡೆಟ್ರಾಯಿಟ್ ಸುತ್ತಮುತ್ತ ಇಷ್ಟು ವರ್ಷ ಮೋಸಹೋಗದೆ ಸಂಸಾರ ಮಾಡಿದ್ದೇವೆಂದರೆ ಅದು ಅವರ ಒಳ್ಳೆಯತನದಿಂದಲ್ಲ, ನನ್ನ ಅನುಮಾನದಿಂದ.

ಆಸ್ಪತ್ರೆಯ ಲ್ಯಾಬ್ ಕೆಲಸದಿಂದ ನಿವೃತ್ತಳಾದ ಮೇಲೆ ಅದೇ ಗುಣವನ್ನು ಸಮಾಜಸೇವೆಗೆ ಹಚ್ಚಿದ್ದೇನೆ. ಶನಿವಾರ ಲಿವೋನಿಯಾದ ಲೈಬ್ರರಿಯಲ್ಲಿ ಕೂತು, ನೈಜೀರಿಯಾದಿಂದ ಹೊಸದಾಗಿ ಬಂದ ನರ್ಸುಗಳಿಗೆ ಇಲ್ಲಿ ಬದುಕುವ ದಾರಿ ಹೇಳಿಕೊಡುತ್ತೇನೆ. ಕಣ್ಣಾರೆ ನೋಡದ ಮನೆಗೆ ಅಡ್ವಾನ್ಸ್ ಕಳಿಸಬೇಡಿ. ಬಸ್ಸು ನಂಬಿದರೆ ಕೆಟ್ಟಿರಿ, ಮೊದಲು ಡ್ರೈವಿಂಗ್ ಲೈಸೆನ್ಸ್ ಮಾಡಿಸಿ. ಸರ್ಕಾರದವರು ಎಂದು ಫೋನಿನಲ್ಲಿ ಯಾರಾದರೂ ಹೆದರಿಸಿದರೆ ಮಾತಾಡದೆ ಇಟ್ಟುಬಿಡಿ. ಒಟ್ಟಿನಲ್ಲಿ ಯಾರನ್ನೂ ಸುಮ್ಮನೆ ನಂಬಬೇಡಿ. ಇದು ನನ್ನ ಪಾಠ.

ಮೊರೆನಿಕೆ ಈ ಪಾಠವನ್ನು ಬಹಳ ಚೆನ್ನಾಗಿ ಕಲಿತಳು. ಎಷ್ಟೆಂದರೆ ನನ್ನನ್ನೇ ನಂಬಲಿಲ್ಲ.

ಲಾಗೋಸಿನಿಂದ ಬಂದ ಹುಡುಗಿ, ಕೆಲಸದಲ್ಲಿ ಚುರುಕು, ಮಾತಿಗೊಮ್ಮೆ "ಆಂಟಿ" ಎನ್ನುತ್ತಾಳೆ. ಆಸ್ಪತ್ರೆ ಕೊಟ್ಟ ರೂಮನ್ನು ಅವಳು ಆ ವಾರದೊಳಗೆ ಬಿಡಬೇಕಿತ್ತು. ಈ ದೇಶದಲ್ಲಿ ಕ್ರೆಡಿಟ್ ಹಿಸ್ಟರಿ, ಅಂದರೆ ಸಾಲ ಮಾಡಿ ತೀರಿಸಿದ ದಾಖಲೆ, ಇಲ್ಲದವರಿಗೆ ಯಾರು ಮನೆ ಕೊಡುತ್ತಾರೆ? ಎಲ್ಲ ಕಡೆ ಇಲ್ಲ ಅನ್ನಿಸಿಕೊಂಡು ಬಂದಿದ್ದಳು. ಕೊನೆಗೆ ನಾನೇ ಹುಬ್ಬಳ್ಳಿಯ ಚಿದಂಬರ ಅವರನ್ನು ಕೇಳಿದೆ. ಅವರು ಟ್ರಾಯ್‌ನಲ್ಲಿದ್ದಾರೆ, ಲಿವೋನಿಯಾದಲ್ಲಿ ಅವರದೊಂದು ಮನೆ ಖಾಲಿ ಇತ್ತು.

"ಪದ್ಮಾ ಅವರ, ನೀವು ಹೂಂ ಅಂದ್ರ ಕೊಡ್ತೀನ್ರಿ. ಕ್ರೆಡಿಟ್ ಗಿಡಿಟ್ ಏನೂ ಬ್ಯಾಡ. ಆದ್ರ ಎಷ್ಟ ಮಂದಿ ಇರ್ತಾರ ಅಂತ ಖರೆ ಹೇಳ್ಬೇಕು. ಹೋದ ಸಲ ಒಬ್ಬಾಂವ ಇರ್ತೀನಂತ ಹೇಳಿ ಮನಿ ತುಂಬ ಮಂದಿ ತುಂಬಿದ್ದ," ಎಂದರು.

ನಾನು ಮೊರೆನಿಕೆಯನ್ನು ಕೇಳಿದೆ. "ಯಾರ್ಯಾರು ಇರ್ತೀರಮ್ಮ?"

"ಸದ್ಯಕ್ಕೆ ನಾನೇ, ಆಂಟಿ."

"ಮಕ್ಕಳು?"

"ದೇವರು ಒಳ್ಳೆಯವನು, ಆಂಟಿ."

ಇದೇನು ಉತ್ತರವೇ? ದೇವರ ವಿಚಾರ ನಾನು ಕೇಳಿದ್ದೆನೇ? ಆ "ಸದ್ಯಕ್ಕೆ" ಎಂಬ ಮಾತು ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ ನನ್ನನ್ನು ಕಾಡತೊಡಗಿತು.

ಅಲ್ಲಿಂದ ಅವಳು ಮಾಡಿದ್ದೆಲ್ಲ ನನಗೆ ವಿಚಿತ್ರವಾಗಿ ಕಂಡಿತು. ನನ್ನ ಕಾರಿನಲ್ಲಿ ಕೂತಾಗ ಫೋನ್ ಬಂದರೆ ಮುಖ ತಿರುಗಿಸಿ ಪಿಸುಗುಡುತ್ತಾಳೆ. ಒಬ್ಬಳೇ ಇರುವವಳು, ಮನೆಯ ಹತ್ತಿರ ಸ್ಕೂಲ್ ಇದೆಯೇ ಎಂದು ಕೇಳುತ್ತಾಳೆ. ಚಳಿಗಾಲದ ಕೋಟು ಕೊಳ್ಳಲೆಂದು ಸೆಕೆಂಡ್ ಹ್ಯಾಂಡ್ ಬಟ್ಟೆ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ವಾಪಸು ಬರುವಾಗ ಕಾರಿನ ತಿರುವಿನಲ್ಲಿ ಅವಳ ಚೀಲ ಮಗುಚಿತು. ಒಳಗಿಂದ ಉರುಳಿದ್ದು ಎರಡು ಜೊತೆ ಪುಟ್ಟ ಸ್ನೋ ಬೂಟು, ಗುಲಾಬಿ ಬಣ್ಣದವು.

"ಯಾರಿಗಿದು?"

ಅವಳು ಗಡಿಬಿಡಿಯಲ್ಲಿ ಅವನ್ನು ಚೀಲಕ್ಕೆ ತುರುಕಿದಳು. "ಸುಮ್ಮನೆ ತೆಗೆದುಕೊಂಡೆ, ಆಂಟಿ. ಚೀಪಾಗಿತ್ತು."

ಚೀಪಂತೆ! ಯಾರಾದರೂ ಸುಮ್ಮನೆ ಪರರ ಮಕ್ಕಳ ಅಳತೆಯ ಬೂಟು ಕೊಳ್ಳುತ್ತಾರೆಯೇ? ಯಾರದೋ ಸಂಸಾರವನ್ನೆಲ್ಲ ಕದ್ದು ತಂದು ತುಂಬುತ್ತಾಳೆ, ನಾಳೆ ಚಿದಂಬರ ಅವರೆದುರು ತಲೆ ತಗ್ಗಿಸಬೇಕಾದವಳು ನಾನು. ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವಳೇ ಅವರಿಗೆ ಫೋನ್ ಮಾಡಿದೆ. "ಸ್ವಲ್ಪ ತಡೀರಿ, ನನಗ್ಯಾಕೋ ಡೌಟ್ ಬರ್ತಿದೆ."

"ಹಂಗಾರ ಬಿಡ್ರಿ, ಬ್ಯಾರೆಯವರೂ ಕೇಳ್ಯಾರ. ನಾಳೆ ಅವ್ರಿಗೇ ಕೀ ಕೊಡ್ತೀನಿ," ಎಂದರು ಚಿದಂಬರ.

ಮಾರನೆಯ ದಿನ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಮೊರೆನಿಕೆಯನ್ನು ಕಾರಿಗೆ ಹತ್ತಿಸಿಕೊಂಡು, ಮನೆ ಕೈತಪ್ಪುತ್ತಿದೆ ಎಂದು ಹೇಳಿದೆ. ಅವಳು ಹಾಕಿಕೊಳ್ಳುತ್ತಿದ್ದ ಸೀಟ್ ಬೆಲ್ಟನ್ನು ಕೈಬಿಟ್ಟು ನನ್ನ ಕಡೆ ತಿರುಗಿದಳು.

"ಆಂಟಿ, ಈ ಮನೆ ಸಿಗದಿದ್ದರೆ ನನಗೆ ಬೇರೆ ಗತಿಯೇ ಇಲ್ಲ."

"ಹಾಗಾದರೆ ನಿಜ ಹೇಳು. ಯಾರೋ ಬರುವವರಿದ್ದಾರೆ. ಕಳ್ಳದಾರಿಯಲ್ಲಿ ಬರುತ್ತಿದ್ದಾರಾ? ಏರ್‌ಪೋರ್ಟಿನಲ್ಲೇ ಹಿಡಿದು ವಾಪಸು ಕಳಿಸಿಬಿಟ್ಟರೆ ಏನು ಮಾಡ್ತೀಯ?"

ಅವಳು ಬೆಚ್ಚಿಬಿದ್ದಳು. ಬಲಗೈಯನ್ನು ತನ್ನ ತಲೆಯ ಸುತ್ತ ಸುತ್ತಿಸಿ, ಕಿಟಕಿಯ ಕಡೆಗೆ ಟಪ್ಪೆಂದು ಚಿಟಿಕೆ ಹೊಡೆದು, ಏನನ್ನೋ ಆಚೆ ಎಸೆದ ಹಾಗೆ ಕೈ ಕೊಡವಿದಳು. "ಅಂಥ ಮಾತು ಆಡಬೇಡಿ! ಕೈಮುಗಿಯುತ್ತೇನೆ, ಆಡಬೇಡಿ!"

ಈ ಕೈಸನ್ನೆ ನನಗೆ ಗೊತ್ತಿತ್ತು. ನನ್ನಮ್ಮ ಮೈಸೂರಿನಲ್ಲಿ ಮೊಮ್ಮಗಳ ಮುಖ ನೀವಿ ನೆಟಿಕೆ ಮುರಿಯುತ್ತಿದ್ದದ್ದು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದದ್ದು ಕಣ್ಣೆದುರು ಬಂತು.

"ಬರುವ ತನಕ ಹೇಳಬಾರದು, ಅಲ್ಲವಾ?" ಎಂದೆ, ಮೆಲ್ಲಗೆ.

ಅವಳು ಕಣ್ಣೊರೆಸಿಕೊಂಡಳು. "ನನ್ನ ನಾದಿನಿ ಕೆನಡಾಕ್ಕೆ ಹೋಗುತ್ತೇನೆಂದು ಊರಿಗೆಲ್ಲ ಪಾರ್ಟಿ ಕೊಟ್ಟಳು, ಆಂಟಿ. ಎಲ್ಲರೂ ಬಂದು ತಿಂದು ಹಾರೈಸಿ ಹೋದರು. ಆಮೇಲೆ ವೀಸಾ ರದ್ದಾಯಿತು. ಇವತ್ತಿಗೂ ಅಲ್ಲೇ ಇದ್ದಾಳೆ. ನನ್ನವರಿಗೆ ಎಲ್ಲ ಕಾಗದಪತ್ರ ಸರಿಯಾಗಿದೆ, ದೇವರಾಣೆ. ಶುಕ್ರವಾರದ ತನಕ ಮಾತ್ರ ಕೇಳಬೇಡಿ."

ನನಗೆ ನಾಚಿಕೆಯಾಯಿತು, ಜೊತೆಗೆ ನನ್ನ ಮೇಲೇ ಸಿಟ್ಟು ಬಂತು. ಯಾಕೆಂದರೆ ನಾನೂ ಬಾಯಿಗೆ ಬೀಗ ಹಾಕಿಕೊಂಡೇ ಓಡಾಡುತ್ತಿದ್ದೆ. ಷಿಕಾಗೋದಲ್ಲಿರುವ ನನ್ನ ಮಗಳು ಇಂಚರ ಬಸುರಿ. ಈ ಹಿಂದೆ ಒಂದು ನಿಂತದ್ದು ಹೋಗಿತ್ತು. ಹಾಗಾಗಿ ಐದು ತಿಂಗಳು ತುಂಬುವ ತನಕ ಯಾರಿಗೂ ಹೇಳಕೂಡದು ಎಂದು ಅವಳಿಂದ ಆಣೆ ಮಾಡಿಸಿಕೊಂಡಿದ್ದೆ. ಭಾನುವಾರ ದೇವಸ್ಥಾನದಲ್ಲಿ ಚಿದಂಬರ ಅವರ ಹೆಂಡತಿ ಸುಹಾಸಿನಿ, "ಮಗಳ ಕಡೆ ಏನಾದ್ರೂ ವಿಶೇಷಾನ್ರಿ?" ಎಂದು ಕೇಳಿದರೆ, "ಏನಿಲ್ಲಪ್ಪ, ಬರೀ ಕೆಲಸ ಕೆಲಸ ಅಂತಾಳೆ," ಎಂದು ಅಮಾಯಕಳಂತೆ ನಕ್ಕಿದ್ದೆ. ನನಗೊಂದು ನ್ಯಾಯ, ಈ ಹುಡುಗಿಗೊಂದು ನ್ಯಾಯವೇ?

ಮೊರೆನಿಕೆಯನ್ನು ಇಳಿಸಿದವಳೇ ಚಿದಂಬರ ಅವರಿಗೆ ಫೋನ್ ಮಾಡಿದೆ. "ಕೀ ಕೊಟ್ಟುಬಿಟ್ರಾ? ಕೊಡಬೇಡಿ, ಆ ಹುಡುಗಿಗೇ ಕೊಡಿ."

"ಏನ್ರೀ ಇದು? ನಿನ್ನೆ ಬ್ಯಾಡ ಅಂದ್ರಿ, ಇವತ್ತು ಕೊಡ್ರಿ ಅಂತೀರಿ. ಎಷ್ಟ ಮಂದಿ?"

"ಶುಕ್ರವಾರ ಹೇಳ್ತೀನಿ."

"ಯಾಕ, ಇವತ್ತ್ಯಾಕಿಲ್ಲ? ನೀವೂ ಏನೋ ಮುಚ್ಚಿಡಾಕತ್ತೀರಿ, ಪದ್ಮಾ ಅವರ. ಕೀ ಅವ್ರಿಗೇ ಕೊಡೂದು ಚಲೋ."

ಅವಳ ಗುಟ್ಟು ಹೇಳುವ ಹಾಗಿಲ್ಲ, ಹೇಳದಿದ್ದರೆ ಮನೆಯಿಲ್ಲ. ನನ್ನ ಕೈಯಲ್ಲಿದ್ದದ್ದು ನನ್ನ ಗುಟ್ಟು ಒಂದೇ.

"ನಮ್ಮ ಇಂಚರ ಬಸುರಿ, ಚಿದಂಬರ ಅವರೇ. ಮೂರು ತಿಂಗಳು. ಯಾರಿಗೂ ಹೇಳಿಲ್ಲ, ನಿಮ್ಮ ಮನೆಯವರಿಗೂ ಸುಳ್ಳು ಹೇಳಿದೀನಿ. ಯಾಕೆ ಅಂತ ನಿಮಗೆ ಗೊತ್ತಲ್ಲ? ಆ ಹುಡುಗಿ ಬಾಯಿ ಬಿಡದೇ ಇರೋದೂ ಅದಕ್ಕೇ. ಮೋಸ ಇಲ್ಲ, ಭಯ ಅಷ್ಟೆ."

"ಮೊದಲ ಹೇಳಬಾರದೇನ್ರಿ? ಬಂದು ಕೀ ಒಯ್ಯಿರಿ," ಎಂದರು. ಅದರ ಹಿಂದೆಯೇ ಒಂದು ಕೂಗು: "ಏ ಸುಹಾಸಿನೀ, ಇಲ್ಲೆ ಬಾ! ಪದ್ಮಾ ಅವರ ಅಜ್ಜಿ ಆಗಾಕತ್ತಾರ!"

ಮುಗಿಯಿತು. ಸಂಜೆಯೊಳಗೆ ಟ್ರಾಯ್‌ನಿಂದ ಫಾರ್ಮಿಂಗ್ಟನ್ ಹಿಲ್ಸ್ ತನಕ ಎಲ್ಲರಿಗೂ ಗೊತ್ತು. ಇಂಚರಳ ಫೋನೂ ಬಂತು. "ಅಮ್ಮಾ, ಆರ್ ಯು ಸೀರಿಯಸ್? ನನ್ನ ಫ್ರೆಂಡ್ಸ್‌ಗೂ ಹೇಳೋಕೆ ಬಿಡ್ಲಿಲ್ಲ ನೀನು! ವಾಟ್ ಹ್ಯಾಪನ್ಡ್ ಟು ಯುವರ್ ದೃಷ್ಟಿ?" ಎಂದು ನಕ್ಕಳು. ಅವಳು ನಗುತ್ತಿದ್ದರೆ ನಾನು ನಿವಾಳಿಸಲು ಉಪ್ಪು ಮೆಣಸಿನಕಾಯಿ ಹುಡುಕುತ್ತಿದ್ದೆ.

ಕೀ ತಗೊಂಡು ಮೊರೆನಿಕೆಯನ್ನು ಲಿವೋನಿಯಾದ ಮನೆಗೆ ಕರೆದೊಯ್ದೆ. ಖಾಲಿ ಕೋಣೆಗಳನ್ನೆಲ್ಲ ಸುತ್ತಿ ಬಂದು, ಅವರು ಹೇಗೆ ಒಪ್ಪಿದರು ಎಂದು ಕೇಳಿದಳು. ನಡೆದದ್ದನ್ನು ಹೇಳಿದೆ.

ಅವಳು ನಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನನ್ನನ್ನೇ ನೋಡಿದಳು. "ಇನ್ನೂ ಮೂರನೇ ತಿಂಗಳಿಗೇ? ನನಗೋಸ್ಕರ ಹೇಳಿಬಿಟ್ಟಿರಾ, ಆಂಟಿ?"

ನನಗೆ ಅಳು ಒತ್ತರಿಸಿಕೊಂಡು ಬಂತು. ಆ ಮಾತಿನ ಭಾರ ಇಡೀ ಅಮೆರಿಕಾದಲ್ಲಿ ಅವಳೊಬ್ಬಳಿಗೆ ತಿಳಿದಿತ್ತು.

ಅವಳು ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ಹಾಗಾದರೆ ನಿಮಗೆ ನಾನೂ ಹೇಳುತ್ತೇನೆ. ನನ್ನ ದೊಡ್ಡ ಮಗಳ ಹೆಸರು..."

ತಟ್ಟನೆ ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. "ಸುಮ್ನಿರೇ ಮಹರಾಯ್ತಿ, ಮಕ್ಕಳಿನ್ನೂ ವಿಮಾನವೇ ಹತ್ತಿಲ್ಲ!" ಎಂದು ಕನ್ನಡದಲ್ಲೇ ಗದರಿಬಿಟ್ಟೆ.